ಸಿನಿಮಾದ ಕೋವಿ, ಕಿತ್ತೂರಿನ ಕೋವಿ

2012ರಲ್ಲಿ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ಬಂದಾಗ ಘಟಪ್ರಭಾದಿಂದ ನಾವು ಐದಾರು ಮಂದಿ ಗೋಕಾಕಕ್ಕೆ ಹೋಗಿ ನೋಡಿದ್ದೆವು. ದರ್ಶನ್ ಖಡ್ಗ ಎತ್ತಿದಾಗಲೆಲ್ಲ ಸೀಟಿ, ಚಪ್ಪಾಳೆ. ವಾಪಸ್ ಬರುವಾಗ ಟೆಂಪೊದಲ್ಲಿ ನಮ್ಮ ಓಣಿಯ ಕಾಕಾ ಒಬ್ಬರು ಒಂದು ಪ್ರಶ್ನೆ ಎತ್ತಿದರು.

“ಎಲ್ಲಾ ಖರೇನ ತಮ್ಮಾ. ಆದ್ರ ಇಂಗ್ರೇಜರ ಕೈಯಾಗ ಬಂದೂಕ ಇರೋವಾಗ, ಖಡ್ಗ ಹಿಡದಾಂವ ಅವರ ಹತ್ರ ಹೆಂಗ ಹೋಗ್ತಾನ?”

ಅವತ್ತು ಯಾರಿಗೂ ಉತ್ತರ ಗೊತ್ತಿರಲಿಲ್ಲ. ಉತ್ತರ ಇರುವುದು ಆ ಕಾಲದ ಬಂದೂಕಿನಲ್ಲೇ.

1824ರಲ್ಲಿ ಕಂಪನಿ ಸಿಪಾಯಿಗಳ ಹೆಗಲ ಮೇಲಿದ್ದದ್ದು ಚಕಮಕಿ ಕಲ್ಲಿನ ಬಂದೂಕು. ಸುಮಾರು ನಾಲ್ಕೂವರೆ ಕಿಲೋ ತೂಕ. ಗುಂಡು ಹಾಕುವುದು ಹಿಂದಿನಿಂದಲ್ಲ, ನಳಿಗೆಯ ಬಾಯಿಯಿಂದ. ಕಾಗದದ ಪೊಟ್ಟಣವನ್ನು ಹಲ್ಲಿನಿಂದ ಹರಿಯಬೇಕು. ಚಿಟಿಕೆ ಮದ್ದನ್ನು ಪಕ್ಕದ ಸಣ್ಣ ಬಟ್ಟಲಿಗೆ ಸುರಿಯಬೇಕು, ಉಳಿದದ್ದನ್ನು ನಳಿಗೆಗೆ. ಮೇಲೆ ಸೀಸದ ಗುಂಡು ಇಟ್ಟು ಸಲಾಕೆಯಿಂದ ಗಿಡಿಯಬೇಕು. ಕುದುರೆ ಎಳೆದಾಗ ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರುತ್ತದೆ, ಬಟ್ಟಲಿನ ಮದ್ದು ಹೊತ್ತುತ್ತದೆ, ಆ ಬೆಂಕಿ ಸಣ್ಣ ತೂತಿನಿಂದ ಒಳಗೆ ಹೋಗುತ್ತದೆ. ಆಮೇಲೆ ಢಂ.

ಪಳಗಿದ ಸಿಪಾಯಿಯೂ ನಿಮಿಷಕ್ಕೆ ಎರಡು ಮೂರು ಗುಂಡು ಹಾರಿಸಬಲ್ಲ, ಅಷ್ಟೇ. ಅಂದರೆ ಒಂದು ಗುಂಡಿಗೂ ಇನ್ನೊಂದಕ್ಕೂ ಕನಿಷ್ಠ ಇಪ್ಪತ್ತು ಸೆಕೆಂಡ್. ನೂರು ಮೀಟರ್ ದಾಟಿದರೆ ಒಬ್ಬನಿಗೇ ಗುರಿಯಿಟ್ಟು ಹೊಡೆಯುವುದು ಅದೃಷ್ಟದ ಮಾತು. ಗಟ್ಟಿ ಕಾಲಿನ ಹುಡುಗ ಇಪ್ಪತ್ತು ಸೆಕೆಂಡಿನಲ್ಲಿ ನೂರು ಮೀಟರ್ ಓಡುತ್ತಾನೆ. ಕಾಕಾ, ಖಡ್ಗದವನು ಹತ್ತಿರ ಹೋಗುತ್ತಿದ್ದದ್ದು ಹೀಗೆ! ಮಳೆ ಬಂದು ಮದ್ದು ತೊಯ್ದರಂತೂ ಬಂದೂಕು ಬರೀ ಬಡಿಗೆ. ಅದಕ್ಕೇ ಬಂದೂಕಿನ ತುದಿಗೆ ಬಯೋನೆಟ್ ಸಿಕ್ಕಿಸುತ್ತಿದ್ದರು. ಇಂಗ್ಲಿಷ್ ಸಿನಿಮಾಗಳ ಕಡಲ್ಗಳ್ಳರು ಎದೆಗೆ ಮೂರ್ನಾಲ್ಕು ಪಿಸ್ತೂಲು ಕಟ್ಟಿಕೊಳ್ಳುವುದಕ್ಕೂ ಇದೇ ಕಾರಣ. ಒಂದಕ್ಕೆ ಒಂದೇ ಏಟು.

ಸಿನಿಮಾದಲ್ಲಿ ಕಾಣದ ಇನ್ನೊಂದು ವಸ್ತು ಹೊಗೆ. ಆ ಕಾಲದ ಕರಿ ಮದ್ದು ದಟ್ಟ ಬಿಳಿ ಹೊಗೆ ಕಾರುತ್ತಿತ್ತು. ನೂರು ಬಂದೂಕು ಒಟ್ಟಿಗೆ ಹಾರಿದರೆ ಎದುರಿಗೆ ಯಾರಿದ್ದಾರೆ ಎನ್ನುವುದೂ ಕಾಣದು. ಹಾಗೆ ತೋರಿಸಿದರೆ ಹೀರೋ ಮುಖ ಎಲ್ಲಿ ಕಂಡೀತು, ಟಿಕೆಟ್ ಯಾರು ತಗೊಂಡಾರು? ನಮ್ಮೂರ ನಾಟಕದವರು ಪರದೆ ಹಿಂದೆ ಪಟಾಕಿ ಹಚ್ಚಿ ಸ್ಟೇಜ್ ತುಂಬ ಹೊಗೆ ಎಬ್ಬಿಸುತ್ತಾರಲ್ಲ, ಈ ವಿಷಯದಲ್ಲಿ ಅವರೇ ಸತ್ಯಕ್ಕೆ ಹತ್ತಿರ.

ಆದರೆ ‘ಅವರ ಕೈಯಲ್ಲಿ ಬಂದೂಕು, ನಮ್ಮ ಕೈಯಲ್ಲಿ ಖಡ್ಗ’ ಎನ್ನುವುದೇ ಪೂರ್ತಿ ಸರಿಯಲ್ಲ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ತೋಪುಗಳ ಸಮೇತ ಕಿತ್ತೂರು ಕೋಟೆಯ ಬಾಗಿಲಿಗೆ ಬಂದು ನಿಂತಿದ್ದ. ಅವನನ್ನು ಕೆಡವಿದ್ದು ಖಡ್ಗವಲ್ಲ, ಅಮಟೂರ ಬಾಳಪ್ಪನ ಗುಂಡು. 1961ರಲ್ಲಿ ಬಿ. ಆರ್. ಪಂತುಲು ‘ಕಿತ್ತೂರು ಚೆನ್ನಮ್ಮ’ ತೆಗೆದ ಮೇಲೆ ಚೆನ್ನಮ್ಮ ಎಂದರೆ ಬಿ. ಸರೋಜಾದೇವಿಯ ಮುಖ ಕಣ್ಣಿಗೆ ಬರುತ್ತದೆ, ರಾಯಣ್ಣ ಎಂದರೆ ಕ್ಯಾಲೆಂಡರಿನ ಖಡ್ಗ. ಬಾಳಪ್ಪನ ಬಂದೂಕು ಅಷ್ಟಾಗಿ ಯಾರಿಗೂ ನೆನಪಾಗುವುದಿಲ್ಲ. ಕಿತ್ತೂರಿನ ಜನ ಗೆದ್ದ ದಿನದ ಅತಿ ದೊಡ್ಡ ಏಟು ಅದು.

ಡಿಸೆಂಬರಿನಲ್ಲಿ ಕಂಪನಿಯ ದೊಡ್ಡ ಸೈನ್ಯ ಬಂದು ಕೋಟೆ ಬಿತ್ತು. ಒಳಗಿನ ದ್ರೋಹಿಗಳು ಮದ್ದಿಗೆ ಸಗಣಿ ಬೆರೆಸಿದ್ದರು ಎಂಬ ಮಾತು ಇವತ್ತಿಗೂ ಜನರ ಬಾಯಲ್ಲಿದೆ. ಮುಂದೆ ರಾಯಣ್ಣ ಬಯಲಿಗೆ ಬಂದು ಸಾಲಾಗಿ ನಿಲ್ಲಲಿಲ್ಲ. ಕಾಡು ಸೇರಿದ, ಕಚೇರಿಗಳನ್ನು ಸುಟ್ಟ. ಸಾಲು ಕಟ್ಟಿ ನಿಂತು ಹೊಡೆಯುವ ಬಂದೂಕಿನ ಮುಂದೆ ಅದೇ ಜಾಣ ದಾರಿ. 1830ರಲ್ಲಿ ಅವನು ಸಿಕ್ಕಿದ್ದು ನಮ್ಮವರ ಮೋಸದಿಂದ. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು.

ಇನ್ನೊಂದು ಕಥೆ ನಮ್ಮ ಹೊಳೆಯ ಕೆಳದಂಡೆಯದು. ಘಟಪ್ರಭಾ ಹೊಳೆಗುಂಟ ಕೆಳಗೆ ಹೋದರೆ ಮುಧೋಳ, ಆ ತಾಲೂಕಿನ ಊರು ಹಲಗಲಿ. 1857ರಲ್ಲಿ ಸರ್ಕಾರ ಎಲ್ಲರೂ ಆಯುಧ ಒಪ್ಪಿಸಬೇಕು ಎಂದಿತು. ಬೇಟೆ, ಕಾವಲು ಮಾಡಿಕೊಂಡಿದ್ದ ಬೇಡರಿಗೆ ಆಯುಧವೆಂದರೆ ಹೊಟ್ಟೆಯ ಅನ್ನ, ಮೇಲೆ ಮಾನ. ಕೊಡುವುದಿಲ್ಲ ಎಂದರು. ನವೆಂಬರ್ ಕೊನೆಯಲ್ಲಿ ಸೈನ್ಯ ಬಂದು ಊರಿಗೆ ಬೆಂಕಿ ಹಚ್ಚಿತು. ಆಮೇಲೆ ಮುಧೋಳ ಮತ್ತು ಹಲಗಲಿಯಲ್ಲಿ 19 ಮಂದಿಯನ್ನು ಗಲ್ಲಿಗೆ ಹಾಕಿದರು. ಅವರ ಮೇಲೆ ಜನ ಕಟ್ಟಿದ ಲಾವಣಿಯನ್ನು ಬರೆಸಿಕೊಂಡು ಅಚ್ಚು ಹಾಕಿಸಿದವನು ಫ್ಲೀಟ್ ಎಂಬ ಇಂಗ್ರೇಜ ಅಧಿಕಾರಿಯೇ.

ಎಲೆಕ್ಷನ್ ಬಂತೆಂದರೆ ಈಗಲೂ ಲೈಸೆನ್ಸ್ ಬಂದೂಕನ್ನು ಠಾಣೆಗೆ ಒಪ್ಪಿಸಬೇಕು. ಟೆಂಪೊದ ಕಾಕಾ ಹತ್ತಿರವೂ ಹೊಲ ಕಾಯಲು ಅಪ್ಪನ ಕಾಲದ್ದೊಂದು ಇದೆ. ಹೋದ ಸಲ ಅದನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಠಾಣೆಗೆ ಹೊರಟಾಗ ಹಲಗಲಿಯ ಕಥೆ ಹೇಳಿದೆ. ಚೀಲವನ್ನು ಒಮ್ಮೆ ನೋಡಿಕೊಂಡರು. “ನಮಗ ರಸೀದಿ ಆದ್ರೂ ಕೊಡ್ತಾರ ಬಿಡು” ಎಂದು ಬೈಕ್ ಹತ್ತಿದರು.