ರೀಲು ಕಾಯ್ದವರ ಕತೆ

ಪೋರೂರಿನಿಂದ ಆರ್ಕಾಟ್ ರಸ್ತೆ ಹಿಡಿದು ಪೂರ್ವಕ್ಕೆ ಹೋದರೆ ವಡಪಳನಿ. ಒಂದು ಕಾಲಕ್ಕೆ ಕನ್ನಡ ಚಿತ್ರಗಳ ಎಷ್ಟೋ ಕೆಲಸ ನಡೆಯುತ್ತಿದ್ದದ್ದು ಇಲ್ಲಿಯ ಸ್ಟುಡಿಯೋಗಳಲ್ಲಿ. ವಿಜಯಾ ವಾಹಿನಿ ಇದ್ದ ಜಾಗದಲ್ಲಿ ಈಗ ಮಾಲ್ ಇದೆ. ಕಟ್ಟಡ ಹೋದರೆ ಹೋಗಲಿ, ಚಿತ್ರವಾದರೂ ಉಳಿಯಬೇಕಲ್ಲ? ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ (1934) ಒಂದು ಪ್ರತಿಯೂ ಉಳಿದಿಲ್ಲ. ಆ ಕಾಲದ ನೈಟ್ರೇಟ್ ಫಿಲ್ಮ್ ಬೇಗ ಬೆಂಕಿ ಹಿಡಿಯುತ್ತಿತ್ತು. ಓಡಿ ಮುಗಿದ ರೀಲುಗಳನ್ನು ತೊಳೆದು ಬೆಳ್ಳಿ ತೆಗೆಯುವವರೂ ಇದ್ದರು.

ಚಿತ್ರರಂಗದ ಬಗೆಗಿನ ಸಾಕ್ಷ್ಯಚಿತ್ರಗಳು ನನ್ನನ್ನು ಹಿಡಿದು ಕೂರಿಸುವುದು ಈ ಕಾರಣಕ್ಕೆ. ತಾರೆಯರ ಗುಟ್ಟು ಹೇಳುವಂಥವನ್ನು ಎರಡನೇ ಸಲ ನೋಡಲಾಗುವುದಿಲ್ಲ. ಶಿವೇಂದ್ರ ಸಿಂಗ್ ಡುಂಗರ್‌ಪುರ್ ಅವರ ‘ಸೆಲ್ಯುಲಾಯ್ಡ್ ಮ್ಯಾನ್’ (2012) ಹಾಗಲ್ಲ. ಅದರ ನಾಯಕ ಪಿ.ಕೆ. ನಾಯರ್, 1964ರಲ್ಲಿ ಪುಣೆಯಲ್ಲಿ ಶುರುವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನು ಬೆಳೆಸಿದವರು. ಫಾಲ್ಕೆ ಕುಟುಂಬದಲ್ಲಿ ಉಳಿದಿದ್ದ ರೀಲುಗಳನ್ನು ತಂದು ಕಾಪಾಡಿದವರೂ ಅವರೇ.

ಅದರಲ್ಲಿ ನಮ್ಮ ಹೆಗ್ಗೋಡೂ ಬರುತ್ತದೆ. ಕೆ.ವಿ. ಸುಬ್ಬಣ್ಣನವರ ನೀನಾಸಮ್ ಜೊತೆ ಸೇರಿ ನಾಯರ್ ಆ ಮಲೆನಾಡಿನ ಹಳ್ಳಿಗೆ ಜಗತ್ತಿನ ಚಿತ್ರಗಳನ್ನು ಒಯ್ದಿದ್ದರು. ಅಡಿಕೆ ತೋಟದವರು ಡಿ ಸಿಕಾ, ಕುರೊಸಾವಾರನ್ನು ನೋಡಿದ ಊರು ಅದು. ಡಬ್ಬಿಯಲ್ಲಿಟ್ಟು ಬೀಗ ಹಾಕಿದ್ದರೆ ಇದೆಲ್ಲಿ ಆಗುತ್ತಿತ್ತು!

ನಾಯರ್ 2016ರಲ್ಲಿ ತೀರಿಕೊಂಡರು. ಆರ್ಕಾಟ್ ರಸ್ತೆಯಲ್ಲಿ ಕನ್ನಡ ಚಿತ್ರಗಳಿಗೆ ದುಡಿದ ಲೈಟ್‌ಬಾಯ್‌ಗಳು, ಮೇಕಪ್‌ನವರು, ಎಡಿಟಿಂಗ್ ಸಹಾಯಕರಲ್ಲಿ ಬದುಕಿರುವವರಿಗೂ ಈಗ ವಯಸ್ಸಾಗಿದೆ. ಯಾರಾದರೂ ಅವರ ಮುಂದೆ ಕ್ಯಾಮೆರಾ ಇಟ್ಟು ಕೂರಬೇಕು, ಈ ವರ್ಷವೇ.