ಅಗಲಿದವರ ನೆನಪಿನ ಋತು

ಜಡಿಗೇನಹಳ್ಳಿಯ ಸುತ್ತಮುತ್ತಲ ಹೊಲಗಳಲ್ಲಿ ರಾಗಿ ತೆನೆ ಒಡೆಯುವ ಹೊತ್ತಿಗೆ ಮಹಾಲಯ ಅಮಾವಾಸ್ಯೆ ಬರುತ್ತದೆ. ನಮ್ಮ ಹಿಂದೂ ನೆರೆಮನೆಗಳಲ್ಲಿ ತೀರಿಕೊಂಡ ಹಿರಿಯರು ಇಷ್ಟಪಡುತ್ತಿದ್ದ ಅಡುಗೆ ಮಾಡಿ, ಹೊಸ ಬಟ್ಟೆಯೊಂದಿಗೆ ಎಡೆ ಇಡುತ್ತಾರೆ. ನವರಾತ್ರಿ, ದೀಪಾವಳಿಗಳ ಇದೇ ಋತುವಿನಲ್ಲಿ, ನವೆಂಬರ್ 2ರಂದು, ನಾವೂ ಸಮಾಧಿಗಳ ಮೇಲಿನ ಹುಲ್ಲು ಕಿತ್ತು, ಹೂವಿಟ್ಟು, ಮೇಣದಬತ್ತಿ ಹಚ್ಚುತ್ತೇವೆ. "ಅವರ ಹಬ್ಬವೂ ನಮ್ಮ ಹಬ್ಬವೂ ಒಂದೇನಾ?" ಎಂದು ಮಕ್ಕಳು ಕೇಳಿದರೆ ಏನು ಹೇಳುವುದು? ಚರಿತ್ರೆಯನ್ನು ಕೊಂಚ ನೋಡೋಣ.

ಮೃತರಿಗಾಗಿ ಪ್ರಾರ್ಥಿಸುವುದು ಪುರಾತನ ಸಂಪ್ರದಾಯ. ಕ್ರಿಸ್ತಪೂರ್ವ ಎರಡನೇ ಶತಮಾನದಲ್ಲಿ ಯೂದ ಮಕ್ಕಬಿಯು ಯುದ್ಧದಲ್ಲಿ ಮಡಿದ ತನ್ನ ಸೈನಿಕರ ಪಾಪಪರಿಹಾರಕ್ಕಾಗಿ ಎರಡು ಸಾವಿರ ಬೆಳ್ಳಿ ನಾಣ್ಯಗಳನ್ನು ಸಂಗ್ರಹಿಸಿ ಜೆರುಸಲೇಮಿಗೆ ಕಳುಹಿಸಿದನೆಂದು ಪವಿತ್ರ ಗ್ರಂಥ ತಿಳಿಸುತ್ತದೆ (2 ಮಕ್ಕಬಿ 12). ಸುಮಾರು 998ರಲ್ಲಿ ಫ್ರಾನ್ಸಿನ ಕ್ಲೂನಿ ಮಠದ ಅಧಿಪತಿ ಸಂತ ಒಡಿಲೊರವರು, ಸಕಲ ಸಂತರ ಹಬ್ಬದ ಮರುದಿನ ಸಕಲ ಮೃತರಿಗಾಗಿ ಪ್ರಾರ್ಥಿಸಬೇಕೆಂದು ತಮ್ಮ ಮಠಗಳಿಗೆ ಆಜ್ಞಾಪಿಸಿದರು. ಆ ರೂಢಿ ಕ್ರಮೇಣ ಇಡೀ ಪಾಶ್ಚಾತ್ಯ ಧರ್ಮಸಭೆಗೆ ಹರಡಿತು. ಮೊದಲನೇ ಮಹಾಯುದ್ಧದಲ್ಲಿ ಲಕ್ಷಾಂತರ ಜನ ಸಾಯುತ್ತಿದ್ದಾಗ, 1915ರಲ್ಲಿ, ಜಗದ್ಗುರು ಹದಿನೈದನೇ ಬೆನೆಡಿಕ್ಟರು ಆ ದಿನ ಪ್ರತಿಯೊಬ್ಬ ಗುರುವೂ ಮೂರು ಬಲಿಪೂಜೆ ಅರ್ಪಿಸಲು ಅನುಮತಿ ನೀಡಿದರು.

ಇತರ ನಾಡುಗಳಲ್ಲೂ ಈ ಕಾಲ ಹಿರಿಯರ ಕಾಲವೇ. ಮೆಕ್ಸಿಕೊ ದೇಶದ ಕಥೋಲಿಕರು ನವೆಂಬರ್ 1 ಮತ್ತು 2ರಂದು ಸಮಾಧಿಗಳನ್ನು ಚೆಂಡುಹೂವಿನಿಂದ ಸಿಂಗರಿಸುತ್ತಾರೆ. ನಮ್ಮ ಆಯುಧಪೂಜೆಯ ಸಂತೆಯಲ್ಲಿ ರಾಶಿ ಬೀಳುವ ಚೆಂಡುಹೂವಿನ ಗಿಡ ಮೂಲತಃ ಆ ದೇಶದ್ದೇ! ಕೊರಿಯಾದಲ್ಲಿ ಚುಸೊಕ್ ಎಂಬ ಸುಗ್ಗಿಹಬ್ಬದಂದು ಪೂರ್ವಜರನ್ನು ಸ್ಮರಿಸುತ್ತಾರೆ.

ಆದರೆ ಕೊರಿಯಾದಲ್ಲಿ ಈ ಪ್ರಶ್ನೆಗೆ ರಕ್ತ ಹರಿದಿದೆ. ಪೂರ್ವಜರಿಗೆ ಸಲ್ಲಿಸುವ ಚೀನೀ ವಿಧಿಗಳನ್ನು ಜಗದ್ಗುರು ಹದಿನಾಲ್ಕನೇ ಬೆನೆಡಿಕ್ಟರು 1742ರಲ್ಲಿ ನಿಷೇಧಿಸಿದ್ದರು. ಆ ಆದೇಶಕ್ಕೆ ವಿಧೇಯನಾಗಿ ಪೌಲ್ ಯುನ್ ಜಿ-ಚುಂಗ್ ಎಂಬ ಕೊರಿಯದ ವಿಶ್ವಾಸಿ ಪೂರ್ವಜರ ಹೆಸರಿನ ಮರದ ಹಲಗೆಗಳನ್ನು ಸುಟ್ಟ. ತಾಯಿ ತೀರಿಕೊಂಡಾಗ ಕ್ರೈಸ್ತ ವಿಧಿಯಲ್ಲೇ ಮಣ್ಣು ಮಾಡಿದ. ಅದಕ್ಕಾಗಿ 1791ರಲ್ಲಿ ಅವನ ತಲೆ ಕಡಿದರು. ಮುಂದೆ 1939ರಲ್ಲಿ ರೋಮ್, ಪೂರ್ವಜರಿಗೆ ತೋರುವ ಗೌರವ ದೇವರಿಗೆ ಸಲ್ಲುವ ಆರಾಧನೆಯಲ್ಲ ಎಂದು ವಿವೇಚಿಸಿ ಚೀನಾದ ಕಥೋಲಿಕರಿಗೆ ಅನುಮತಿ ಕೊಟ್ಟಿತು. ಇಂದು ಚುಸೊಕ್ ದಿನ ಕೊರಿಯಾದ ದೇವಾಲಯಗಳಲ್ಲಿ ಪೂರ್ವಜರಿಗಾಗಿ ಬಲಿಪೂಜೆ ನಡೆಯುತ್ತದೆ. ಅದೇ ಧರ್ಮಸಭೆ 2014ರ ಆಗಸ್ಟ್ 16ರಂದು ಯುನ್ ಅವರನ್ನೂ ಅವರ 123 ಸಂಗಾತಿಗಳನ್ನೂ ಪುನೀತ ಪದವಿಗೇರಿಸಿತು. ಅವರ ನಿಷ್ಠೆಯೂ ವ್ಯರ್ಥವಲ್ಲ, ನಂತರದ ವಿವೇಚನೆಯೂ ತಪ್ಪಲ್ಲ.

ಹಾಗಾದರೆ ಮಕ್ಕಳಿಗೆ ಉತ್ತರ? ಎರಡೂ ಒಂದೇ ಅಲ್ಲ. ನಾವು ಮೃತರಿಗೆ ನೈವೇದ್ಯ ಇಡುವುದಿಲ್ಲ. ಪುನರುತ್ಥಾನರಾದ ಪ್ರಭುವಿನ ಕೈಗೆ ಅವರನ್ನು ಒಪ್ಪಿಸುತ್ತೇವೆ. ಆದರೆ ಎಡೆಯ ಮುಂದೆ ಕೈಮುಗಿದ ನೆರೆಯವರ ಕಣ್ಣೀರೂ ಸಮಾಧಿಯ ಮುಂದೆ ನಾವು ಸುರಿಸುವ ಕಣ್ಣೀರೂ ಬೇರೆಯಲ್ಲ. ಲಾಜರನ ಸಮಾಧಿಯ ಬಳಿ ಯೇಸುಸ್ವಾಮಿಯೂ ಅತ್ತರಲ್ಲವೇ?

ನಮ್ಮಲ್ಲಿ ಕೆಲವು ಮನೆಗಳ ಸೊಸೆಯಂದಿರು ಹಿಂದೂ ಮನೆತನದಿಂದ ಬಂದವರು. "ನನ್ನ ಅಪ್ಪನಿಗೆ ಜ್ಞಾನಸ್ನಾನ ಆಗಿರಲಿಲ್ಲ, ಅವರಿಗಾಗಿ ಪ್ರಾರ್ಥಿಸಬಹುದೇ?" ಎಂದು ಅಂಥ ಮಗಳು ಅಳುಕುತ್ತಾ ಕೇಳಿದರೆ ಧೈರ್ಯವಾಗಿ ಹೌದೆನ್ನಿ. ಬಲಿಪೂಜೆಯಲ್ಲಿ ಗುರುಗಳು ಬಳಸುವ ನಾಲ್ಕನೇ ಕೃತಜ್ಞತಾ ಪ್ರಾರ್ಥನೆಯು, ಯಾರ ವಿಶ್ವಾಸವನ್ನು ದೇವರೊಬ್ಬರೇ ಬಲ್ಲರೋ ಅಂಥ ಮೃತರೆಲ್ಲರನ್ನೂ ನೆನೆಯುತ್ತದೆ. ಈ ನವೆಂಬರ್ 2ರಂದು ಆಕೆಯ ತಂದೆಯ ಹೆಸರಿನಲ್ಲೂ ಒಂದು ಮೇಣದಬತ್ತಿ ಉರಿಯಲಿ.