ಡಾರ್ಕ್ ಚಾಕೊಲೇಟ್‌ನಲ್ಲಿರುವ ಫ್ಲೇವನಾಲ್: ಹೃದಯಕ್ಕೆ ಒಳ್ಳೆಯದು ಎನ್ನುವುದು ಎಷ್ಟು ನಿಜ?

ಡಾರ್ಕ್ ಚಾಕೊಲೇಟ್ ತಿಂದರೆ ಬಿಪಿ ಇಳಿಯುತ್ತದೆ, ಹೃದಯಕ್ಕೆ ಒಳ್ಳೆಯದು, ನೆನಪಿನ ಶಕ್ತಿ ಹೆಚ್ಚುತ್ತದೆ ಎಂಬ ಸಂದೇಶಗಳು ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಬರುತ್ತಲೇ ಇರುತ್ತವೆ. ಇದರಲ್ಲಿ ಸತ್ಯಾಂಶ ಇಲ್ಲದಿಲ್ಲ. ಆದರೆ ಆ ಗುಣಕ್ಕೆ ಮುಖ್ಯ ಕಾರಣ ಕೋಕೋ ಬೀಜದಲ್ಲಿರುವ ಫ್ಲೇವನಾಲ್ ಎಂಬ ನೈಸರ್ಗಿಕ ಸಂಯುಕ್ತ. ಬೀಜ ಚಾಕೊಲೇಟ್ ಆಗುವಷ್ಟರಲ್ಲಿ ಇದರ ಬಹುಪಾಲು ಕಳೆದುಹೋಗಿರಲೂಬಹುದು. ಹಾಗಾಗಿ ಇದು ಏನು ಮಾಡುತ್ತದೆ, ಎಷ್ಟು ಮಾಡುತ್ತದೆ ಎಂಬುದನ್ನು ತಿಳಿದುಕೊಂಡೇ ಚಾಕೊಲೇಟ್ ಕೊಳ್ಳುವುದು ಒಳ್ಳೆಯದು.

ಫ್ಲೇವನಾಲ್ ಎಂದರೇನು?

ಫ್ಲೇವನಾಲ್‌ಗಳು ಸಸ್ಯಗಳಲ್ಲಿ ಸಹಜವಾಗಿ ಇರುವ ಪದಾರ್ಥಗಳು. ಚಹಾ, ಸೇಬು, ದ್ರಾಕ್ಷಿಯಲ್ಲೂ ಇವು ಸಿಗುತ್ತವೆ. ಕೋಕೋದಲ್ಲಿ ಮುಖ್ಯವಾದದ್ದು ಎಪಿಕ್ಯಾಟೆಚಿನ್.

ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಕೋಕೋವನ್ನು ಉಪಬೆಳೆಯಾಗಿ ಬೆಳೆಯುತ್ತಾರೆ. ಕ್ಯಾಂಪ್ಕೊ ಸಹಕಾರಿ ಸಂಸ್ಥೆಯ ಚಾಕೊಲೇಟ್ ಕಾರ್ಖಾನೆ ಪುತ್ತೂರಿನಲ್ಲಿ 1986ರಲ್ಲೇ ಶುರುವಾಯಿತು. ಆ ಕಡೆಯ ತೋಟಗಳಲ್ಲಿ ಕೋಕೋ ಹಣ್ಣು ಒಡೆದು ತಿಂದವರಿಗೆ ಬೀಜದ ಮೇಲಿನ ತಿರುಳು ಸಿಹಿ, ಒಳಗಿನ ಬೀಜ ಮಾತ್ರ ಕಹಿ ಮತ್ತು ಒಗರು ಎಂಬುದು ಗೊತ್ತು. ಆ ಒಗರು ರುಚಿಯಲ್ಲಿ ಫ್ಲೇವನಾಲ್‌ಗಳ ಪಾಲು ದೊಡ್ಡದು.

ದೇಹದಲ್ಲಿ ಇದು ಹೇಗೆ ಕೆಲಸ ಮಾಡುತ್ತದೆ?

ನಮ್ಮ ರಕ್ತನಾಳಗಳ ಒಳಗೋಡೆಯಲ್ಲಿ ತೆಳುವಾದ ಜೀವಕೋಶಗಳ ಪದರವಿದೆ. ಈ ಪದರ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಉತ್ಪಾದಿಸುತ್ತದೆ. ಅದರಿಂದ ರಕ್ತನಾಳ ಸಡಿಲಗೊಂಡು ಹಿಗ್ಗುತ್ತದೆ, ರಕ್ತ ಸಲೀಸಾಗಿ ಹರಿಯುತ್ತದೆ. ವಯಸ್ಸಾದಂತೆ ಹಾಗೂ ಬಿಪಿ, ಮಧುಮೇಹ, ಧೂಮಪಾನದಿಂದ ಈ ಸಾಮರ್ಥ್ಯ ಕುಗ್ಗುತ್ತದೆ. ಎಪಿಕ್ಯಾಟೆಚಿನ್ ಸೇವಿಸಿದ ಒಂದೆರಡು ಗಂಟೆಗಳಲ್ಲಿ ರಕ್ತನಾಳಗಳು ಹೆಚ್ಚು ಹಿಗ್ಗುವುದನ್ನು ಪ್ರಯೋಗಗಳಲ್ಲಿ ಅಳೆದು ನೋಡಲಾಗಿದೆ.

ಈ ಆಸಕ್ತಿ ಬೆಳೆಯಲು ಪನಾಮಾ ದೇಶದ ಕುನಾ ಬುಡಕಟ್ಟು ಒಂದು ಕಾರಣ. ದ್ವೀಪಗಳಲ್ಲಿ ವಾಸಿಸುವ ಕುನಾ ಜನರಿಗೆ ವಯಸ್ಸಾದರೂ ಬಿಪಿ ಏರುವುದಿಲ್ಲ, ಆದರೆ ಪನಾಮಾ ಸಿಟಿಗೆ ವಲಸೆ ಬಂದವರಿಗೆ ಏರುತ್ತದೆ ಎಂಬುದನ್ನು ಹಾರ್ವರ್ಡ್‌ನ ವೈದ್ಯ ನಾರ್ಮನ್ ಹಾಲೆನ್‌ಬರ್ಗ್ ಅವರ ತಂಡ 1990ರ ದಶಕದಲ್ಲಿ ಗುರುತಿಸಿತು. ದ್ವೀಪದವರು ದಿನಕ್ಕೆ ಹಲವು ಲೋಟ ಮನೆಯಲ್ಲೇ ತಯಾರಿಸಿದ ಕೋಕೋ ಪಾನೀಯ ಕುಡಿಯುತ್ತಿದ್ದರು. ಆದರೆ ವಲಸೆ ಬಂದವರ ಉಳಿದ ಆಹಾರ, ಜೀವನಶೈಲಿಯೂ ಬದಲಾಗಿದ್ದರಿಂದ ಕೋಕೋವೊಂದೇ ಕಾರಣ ಎನ್ನುವಂತಿರಲಿಲ್ಲ.

ಅಧ್ಯಯನಗಳು ಏನು ಹೇಳುತ್ತವೆ?

* ರಕ್ತದೊತ್ತಡ: 35 ಪ್ರಯೋಗಗಳ ಫಲಿತಾಂಶವನ್ನು ಒಟ್ಟುಗೂಡಿಸಿದ 2017ರ ಕಾಕ್ರೇನ್ ವಿಮರ್ಶೆಯ ಪ್ರಕಾರ, ಫ್ಲೇವನಾಲ್ ಸಮೃದ್ಧ ಕೋಕೋದಿಂದ ಬಿಪಿ ಸರಾಸರಿ 1.8 ಅಂಕದಷ್ಟು ಇಳಿಯುತ್ತದೆ. ಇದು ನಿಜವಾದ ಇಳಿಕೆಯೇ, ಆದರೆ ಚಿಕ್ಕದು.

* ಹೃದಯ: ಅಮೆರಿಕದಲ್ಲಿ 21,442 ಹಿರಿಯರ ಮೇಲೆ ನಡೆದ ಕಾಸ್ಮೋಸ್ ಪ್ರಯೋಗದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ದಿನಕ್ಕೆ 500 ಮಿಲಿಗ್ರಾಂ ಕೋಕೋ ಫ್ಲೇವನಾಲ್ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಸೇರಿದಂತೆ ಒಟ್ಟು ಪ್ರಕರಣಗಳು ಖಚಿತವಾಗಿ ಹೇಳುವಷ್ಟು ಕಡಿಮೆಯಾಗಲಿಲ್ಲ. ಹೃದ್ರೋಗದಿಂದಾದ ಸಾವುಗಳು ಮಾತ್ರ ಶೇ 27ರಷ್ಟು ಕಡಿಮೆ ಇದ್ದವು. ಇಲ್ಲಿ ಕೊಟ್ಟಿದ್ದು ಕ್ಯಾಪ್ಸೂಲ್, ಚಾಕೊಲೇಟ್ ಅಲ್ಲ. ಪ್ರಯೋಗಕ್ಕೆ ಚಾಕೊಲೇಟ್ ತಯಾರಿಸುವ ಮಾರ್ಸ್ ಕಂಪನಿಯ ನೆರವೂ ಇತ್ತು.

* ಮಧುಮೇಹ: 2024ರಲ್ಲಿ ಬಿಎಂಜೆ ಪತ್ರಿಕೆಯಲ್ಲಿ ಬಂದ ಹಾರ್ವರ್ಡ್ ಅಧ್ಯಯನದಲ್ಲಿ, ವಾರಕ್ಕೆ ಐದು ಬಾರಿ ಡಾರ್ಕ್ ಚಾಕೊಲೇಟ್ ತಿನ್ನುವವರಲ್ಲಿ ಟೈಪ್ 2 ಮಧುಮೇಹದ ಅಪಾಯ ಶೇ 21ರಷ್ಟು ಕಡಿಮೆ ಕಂಡುಬಂತು. ಮಿಲ್ಕ್ ಚಾಕೊಲೇಟ್ ತಿನ್ನುವವರಲ್ಲಿ ಈ ಲಾಭವಿರಲಿಲ್ಲ, ತೂಕ ಮಾತ್ರ ಹೆಚ್ಚಿತ್ತು. ಆದರೆ ಇದು ಜನರ ಆಹಾರಕ್ರಮವನ್ನು ಗಮನಿಸಿ ಮಾಡಿದ ಅಧ್ಯಯನ. ಚಾಕೊಲೇಟ್‌ನಿಂದಲೇ ಹೀಗಾಯಿತು ಎಂದು ಇದು ಸಾಬೀತುಪಡಿಸುವುದಿಲ್ಲ.

ಪ್ಯಾಕೆಟ್ ಮೇಲಿನ 70% ಎಂದರೆ ಏನು?

ಹೆಚ್ಚಿನವರು ಎಡವುವುದು ಇಲ್ಲೇ. 70% ಎಂಬುದು ಚಾಕೊಲೇಟ್‌ನಲ್ಲಿ ಕೋಕೋ ಪುಡಿ ಮತ್ತು ಕೋಕೋ ಬೆಣ್ಣೆ ಸೇರಿ ಎಷ್ಟಿದೆ ಎಂಬುದನ್ನು ತಿಳಿಸುತ್ತದೆ. ಫ್ಲೇವನಾಲ್ ಎಷ್ಟಿದೆ ಎಂಬುದನ್ನಲ್ಲ.

ಬೀಜವನ್ನು ಹುದುಗಿಸುವಾಗ, ಒಣಗಿಸುವಾಗ, ಹುರಿಯುವಾಗ ಫ್ಲೇವನಾಲ್ ಕಡಿಮೆಯಾಗುತ್ತಾ ಹೋಗುತ್ತದೆ. ಕಹಿ ತಗ್ಗಿಸಿ ಬಣ್ಣ ಗಾಢವಾಗಿಸಲು ಕೋಕೋಗೆ ಕ್ಷಾರ ಬೆರೆಸುವ ಡಚ್ ವಿಧಾನದಲ್ಲಿ ನಷ್ಟ ಇನ್ನೂ ಹೆಚ್ಚು. 2008ರ ಒಂದು ಅಧ್ಯಯನದಲ್ಲಿ ಕ್ಷಾರ ಬೆರೆಸದ ಕೋಕೋ ಪುಡಿಯ ಪ್ರತಿ ಗ್ರಾಂನಲ್ಲಿ ಸರಾಸರಿ 34.6 ಮಿಲಿಗ್ರಾಂ ಫ್ಲೇವನಾಲ್ ಇದ್ದರೆ, ಹೆಚ್ಚು ಕ್ಷಾರ ಬೆರೆಸಿದ ಪುಡಿಯಲ್ಲಿ ಉಳಿದಿದ್ದು 3.9 ಮಿಲಿಗ್ರಾಂ ಮಾತ್ರ. ಅಂದರೆ ಬಣ್ಣ ಕಪ್ಪಾದಷ್ಟೂ ಗುಣ ಹೆಚ್ಚು ಎಂಬ ನಂಬಿಕೆ ಸರಿಯಲ್ಲ.

ಕೊಳ್ಳುವಾಗ ಏನು ನೋಡಬೇಕು?

* ಪದಾರ್ಥಗಳ ಪಟ್ಟಿಯಲ್ಲಿ ಮೊದಲು ಸಕ್ಕರೆ ಇದ್ದರೆ ಅದೇ ಹೆಚ್ಚಿದೆ ಎಂದರ್ಥ. ಕೋಕೋ ಮೊದಲಿರುವುದನ್ನು ಆರಿಸಿ.

* ಕೋಕೋ ಪುಡಿಯ ಪ್ಯಾಕೆಟ್‌ನಲ್ಲಿ ಆಲ್ಕಲೈಸ್ಡ್, ಡಚ್ ಪ್ರೊಸೆಸ್ಡ್ ಎಂದಿದೆಯೇ ನೋಡಿ. ಅಸಿಡಿಟಿ ರೆಗ್ಯುಲೇಟರ್ 500 ಅಥವಾ 501 ಎಂದಿದ್ದರೆ ಅದೂ ಸಾಮಾನ್ಯವಾಗಿ ಕ್ಷಾರ ಬೆರೆಸಿದ್ದರ ಗುರುತು.

* ಸಕ್ಕರೆ ಹಾಕದ ಸಹಜ ಕೋಕೋ ಪುಡಿ ಒಂದು ಚಮಚವನ್ನು ಬಿಸಿ ಹಾಲಿಗೋ ನೀರಿಗೋ ಬೆರೆಸಿ ಕುಡಿದರೆ ಕಡಿಮೆ ಕ್ಯಾಲೊರಿಯಲ್ಲಿ ಹೆಚ್ಚು ಫ್ಲೇವನಾಲ್ ಸಿಗುತ್ತದೆ.

ಎಷ್ಟು ತಿನ್ನಬಹುದು?

70ರಿಂದ 85% ಕೋಕೋ ಇರುವ ಡಾರ್ಕ್ ಚಾಕೊಲೇಟ್ 100 ಗ್ರಾಂಗೆ ಸುಮಾರು 600 ಕ್ಯಾಲೊರಿ ಇರುತ್ತದೆ. ದಿನಕ್ಕೆ 20 ಗ್ರಾಂ, ಅಂದರೆ ಎರಡು ಚಿಕ್ಕ ತುಂಡು ತಿಂದರೂ 120 ಕ್ಯಾಲೊರಿ ದೇಹ ಸೇರುತ್ತದೆ. ಹಾಗಾಗಿ ಇದನ್ನು ಊಟದ ಮೇಲೆ ಹೆಚ್ಚುವರಿಯಾಗಿ ತಿನ್ನುವ ಬದಲು, ತಿನ್ನುತ್ತಿದ್ದ ಸಿಹಿತಿಂಡಿ ಅಥವಾ ಬಿಸ್ಕತ್ತಿನ ಜಾಗದಲ್ಲಿ ತಿನ್ನಿ.

ಯಾರು ಎಚ್ಚರ ವಹಿಸಬೇಕು?

* ಮಧುಮೇಹ ಇರುವವರು ಡಾರ್ಕ್ ಚಾಕೊಲೇಟ್‌ನಲ್ಲೂ ಸಕ್ಕರೆ ಇರುತ್ತದೆ ಎಂಬುದನ್ನು ಮರೆಯಬಾರದು.

* ಮೂತ್ರಪಿಂಡದಲ್ಲಿ ಆಕ್ಸಲೇಟ್ ಕಲ್ಲಿನ ಸಮಸ್ಯೆ ಇರುವವರು ವೈದ್ಯರನ್ನು ಕೇಳಿ ತಿನ್ನಿ. ಕೋಕೋದಲ್ಲಿ ಆಕ್ಸಲೇಟ್ ಹೆಚ್ಚು.

* ಎದೆಯುರಿ ಇರುವವರು, ನಿದ್ದೆ ಸರಿಯಾಗಿ ಬಾರದವರು ರಾತ್ರಿ ಹೊತ್ತು ತಿನ್ನದಿರುವುದು ಒಳ್ಳೆಯದು. ಇದರಲ್ಲಿ ಕೆಫೀನ್, ಥಿಯೊಬ್ರೊಮಿನ್ ಎರಡೂ ಇವೆ.

* ಗರ್ಭಿಣಿಯರು ಮತ್ತು ಮಕ್ಕಳು ದಿನಾ ತಿನ್ನದಿರುವುದು ಲೇಸು. ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಸಂಸ್ಥೆ 2022ರಲ್ಲಿ ಪರೀಕ್ಷಿಸಿದ 28 ಡಾರ್ಕ್ ಚಾಕೊಲೇಟ್‌ಗಳ ಪೈಕಿ 23ರಲ್ಲಿ ಸೀಸ ಅಥವಾ ಕ್ಯಾಡ್ಮಿಯಂ ಪ್ರಮಾಣ ದಿನನಿತ್ಯ ತಿನ್ನಲು ಕಳವಳಪಡುವಷ್ಟಿತ್ತು.

ಕೊನೆಯದಾಗಿ ಒಂದು ಮಾತು. ಚಾಕೊಲೇಟ್ ತಿನ್ನುತ್ತಿದ್ದೇನೆ ಎಂದು ಬಿಪಿ ಅಥವಾ ಶುಗರ್ ಮಾತ್ರೆಯನ್ನು ನಿಲ್ಲಿಸುವುದು ಅಪಾಯಕಾರಿ. 1.8 ಅಂಕದ ಇಳಿಕೆ ಮಾತ್ರೆಗೆ ಬದಲಿಯಾಗದು. ಇಷ್ಟವಿದ್ದರೆ ಒಂದೆರಡು ತುಂಡು ಖುಷಿಯಿಂದ ತಿನ್ನಿ. ಇಷ್ಟವಿಲ್ಲದಿದ್ದರೆ ಬಲವಂತವೇನೂ ಬೇಡ, ದಿನದ ಚಹಾ ಮತ್ತು ಒಂದು ಸೇಬಿನಿಂದಲೂ ಫ್ಲೇವನಾಲ್ ನಿಮ್ಮ ದೇಹಕ್ಕೆ ಸಿಗುತ್ತದೆ.